ಶಾಲೆಯ ಭಾಷೆ ಬಾರದ ಮನೆಯಲ್ಲಿ ಹೋಂವರ್ಕ್: ಕುರೆಕುಪ್ಪದ ಪಾಲಕರು ಏನು ಮಾಡಬಹುದು?

ಕುರೆಕುಪ್ಪ (ಸಂಡೂರು ತಾಲ್ಲೂಕು): ಮಗುವಿನ ಡೈರಿಯಲ್ಲಿ ಇಂಗ್ಲಿಷಿನಲ್ಲಿ ನಾಲ್ಕು ಸಾಲು ಬರೆದಿರುತ್ತದೆ. ಅದನ್ನು ನೋಡಬೇಕಾದ ತಾಯಿಗೆ ಇಂಗ್ಲಿಷ್ ಓದಲು ಬಾರದು. ಅಷ್ಟಿಷ್ಟು ಬಲ್ಲ ತಂದೆ ಎರಡನೇ ಪಾಳಿಗೆ ಹೋಗಿದ್ದರೆ ಮನೆಗೆ ಮರಳುವುದು ಮಗು ಮಲಗಿದ ಮೇಲೆಯೇ. ಮೂರನೇ ತರಗತಿಯ ಮಗು ಪುಸ್ತಕ ತೆರೆದಿಟ್ಟುಕೊಂಡು, ಯಾರಾದರೂ ಬಂದು ಹೇಳಿಕೊಡಲಿ ಎಂದು ಕಾದು ಕುಳಿತಿರುತ್ತದೆ. ಉಕ್ಕಿನ ಕಾರ್ಖಾನೆಯ ನೆರಳಿನಲ್ಲಿ ಬೆಳೆದ ಕುರೆಕುಪ್ಪ, ತೋರಣಗಲ್ಲು ಭಾಗದ ಎಷ್ಟೋ ಮನೆಗಳ ಸಂಜೆಯ ಚಿತ್ರವಿದು.

ಕಡೆಗೆ ಪಕ್ಕದ ಮನೆಯ ಹೈಸ್ಕೂಲ್ ಹುಡುಗ ಉತ್ತರ ಹೇಳಿ ಬರೆಸುತ್ತಾನೆ. ಇಲ್ಲವೇ ಟ್ಯೂಷನ್‌ನಲ್ಲಿ ಹೋಂವರ್ಕ್ ಮುಗಿಸಿಯೇ ಮನೆಗೆ ಕಳುಹಿಸುತ್ತಾರೆ. ಎರಡೂ ಇಲ್ಲದ ಮನೆಯಲ್ಲಿ ಮಗು ಬೈಗುಳ ಕೇಳಿ ಮಲಗುತ್ತದೆ. ಮೊದಲ ಎರಡರಲ್ಲಿ ಪುಟವೇನೋ ತುಂಬುತ್ತದೆ. ಪಾಠ ತಲೆಗೆ ಹತ್ತಿತೇ ಎಂದು ಕೇಳುವವರಿರುವುದಿಲ್ಲ.

ಶಾಲೆಯ ಭಾಷೆ ಬಾರದ ತಂದೆ ತಾಯಿ ಮಕ್ಕಳ ಓದಿಗೆ ನೆರವಾಗಲು ಸಾಧ್ಯವೇ ಇಲ್ಲ ಎಂಬ ನಂಬಿಕೆಯೇ ಇದಕ್ಕೆಲ್ಲ ಮೂಲ. ಆ ನಂಬಿಕೆ ಅರ್ಧದಷ್ಟು ಮಾತ್ರ ನಿಜ. ಉತ್ತರವನ್ನು ಇಂಗ್ಲಿಷಿನಲ್ಲಿ ಬರೆಸುವುದು ಅವರಿಂದ ಆಗದಿರಬಹುದು. ಆದರೆ ಮಗುವಿಗೆ ಪಾಠ ಅರ್ಥವಾಗಿದೆಯೇ ಎಂದು ತಿಳಿಯುವ ಕೆಲಸ, ಅರ್ಥವಾಗದಿದ್ದರೆ ಅರ್ಥ ಮಾಡಿಸುವ ಕೆಲಸ ಮನೆಮಾತಿನಲ್ಲಿಯೇ ಆಗಬಲ್ಲದು. ಹಲವೊಮ್ಮೆ ಮನೆಮಾತಿನಲ್ಲಿ ಮಾತ್ರ ಆಗಬಲ್ಲದು.

ಹಲವು ನುಡಿಗಳ ನೆಲ

ತೋರಣಗಲ್ಲಿನಲ್ಲಿ ಉಕ್ಕಿನ ಕಾರ್ಖಾನೆಗೆ ಅಂದಿನ ಪ್ರಧಾನಿ ಇಂದಿರಾ ಗಾಂಧಿ ಅಡಿಗಲ್ಲು ಹಾಕಿದ್ದು 1971ರಲ್ಲಿ. ಸಾರ್ವಜನಿಕ ವಲಯದ ಆ ಯೋಜನೆ ಕೈಗೂಡದೆ, 1990ರ ದಶಕದಲ್ಲಿ ಜಿಂದಾಲ್ ಸಂಸ್ಥೆ ಇಲ್ಲಿ ಕಾರ್ಖಾನೆ ಕಟ್ಟಿತು. ಅದರ ಬೆನ್ನಿಗೇ ಉತ್ತರ ಹಾಗೂ ಪೂರ್ವ ಭಾರತದ ರಾಜ್ಯಗಳಿಂದ ಕಾರ್ಮಿಕರು, ಅವರ ಹಿಂದೆ ಕುಟುಂಬಗಳು ಬಂದವು. ಹಿಂದಿ ಈ ಭಾಗದ ಅಂಗಡಿ, ಬಸ್ ನಿಲ್ದಾಣಗಳ ಮಾತಾಗಿ ಬೆರೆತುಹೋಯಿತು.

ಹಾಗೆಂದು ಅದಕ್ಕೂ ಮೊದಲು ಇದು ಒಂದೇ ಭಾಷೆಯ ಸೀಮೆಯಾಗಿತ್ತು ಎನ್ನುವಂತಿಲ್ಲ. ಸಂಡೂರು ಘೋರ್ಪಡೆ ಮನೆತನದ ಮರಾಠಾ ಸಂಸ್ಥಾನವಾಗಿದ್ದು, 1949ರಲ್ಲಿ ಮದ್ರಾಸಿಗೆ ಸೇರಿತು. ಬಳ್ಳಾರಿ 1953ರ ಅಕ್ಟೋಬರ್ 1ರಂದು ಮೈಸೂರು ರಾಜ್ಯಕ್ಕೆ ಬಂದಾಗ ಆದೋನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರದ ಪಾಲಾದವು. ಗೆರೆ ಎಳೆದದ್ದು ನಕ್ಷೆಯ ಮೇಲೆ; ಮನೆಮಾತುಗಳು ಆ ಗೆರೆ ನೋಡಿ ನಿಲ್ಲಲಿಲ್ಲ. ಇಂದಿಗೂ ಕನ್ನಡದ ಜತೆಗೆ ತೆಲುಗು, ಉರ್ದು, ತಾಂಡಾಗಳ ಲಂಬಾಣಿ ನುಡಿ ಈ ಸುತ್ತಿನ ಮನೆಮಾತುಗಳು.

ಹೀಗಾಗಿ ಇಲ್ಲಿನ ಒಂದು ಮಗು ಮನೆಯಲ್ಲಿ ಲಂಬಾಣಿ, ಬೀದಿಯಲ್ಲಿ ಕನ್ನಡ, ಶಾಲೆಯಲ್ಲಿ ಇಂಗ್ಲಿಷ್ ಎಂದು ಮೂರು ಮನೆ ತಿರುಗುವುದು ಅಪರೂಪವೇನಲ್ಲ. ಕನ್ನಡ ಮಾಧ್ಯಮದ ಸರ್ಕಾರಿ ಶಾಲೆಗೆ ಹೋಗುವ ತೆಲುಗು ಮನೆಯ ಮಗುವಿನದೂ ಇದೇ ಕಥೆ, ತುಸು ಸೌಮ್ಯವಾಗಿ.

ಪ್ರಾಥಮಿಕ ಹಂತದಲ್ಲಿ ಮಾಧ್ಯಮ ಯಾವುದಿರಬೇಕೆಂಬ ಜಗಳ ರಾಜ್ಯಕ್ಕೆ ಹೊಸದಲ್ಲ. ಒಂದರಿಂದ ನಾಲ್ಕನೇ ತರಗತಿವರೆಗೆ ಕನ್ನಡ ಅಥವಾ ಮಾತೃಭಾಷೆಯಲ್ಲೇ ಕಲಿಸಬೇಕೆಂಬ 1994ರ ಸರ್ಕಾರಿ ಆದೇಶವನ್ನು ಖಾಸಗಿ ಅನುದಾನರಹಿತ ಶಾಲೆಗಳಿಗೆ ಅನ್ವಯಿಸಲಾಗದು ಎಂದು ಹೈಕೋರ್ಟ್ 2008ರಲ್ಲಿ ಹೇಳಿತು. 2014ರ ಮೇ 6ರಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ, ಮಾಧ್ಯಮವನ್ನು ಸರ್ಕಾರ ಹೇರುವಂತಿಲ್ಲ ಎಂದು ತೀರ್ಪಿತ್ತಿತು. 2019–20ರಲ್ಲಿ ಸರ್ಕಾರವೇ ಒಂದು ಸಾವಿರ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ವಿಭಾಗ ತೆರೆಯಲು ಮುಂದಾಯಿತು. ಸುಖದೇವ್ ಥೋರಟ್ ನೇತೃತ್ವದ ರಾಜ್ಯ ಶಿಕ್ಷಣ ನೀತಿ ಆಯೋಗ 2025ರ ಆಗಸ್ಟ್‌ನಲ್ಲಿ ಸಲ್ಲಿಸಿದ ವರದಿ ಮತ್ತೆ ಐದನೇ ತರಗತಿವರೆಗೆ ಕನ್ನಡ ಅಥವಾ ಮಾತೃಭಾಷೆಯನ್ನೇ ಶಿಫಾರಸು ಮಾಡಿದೆ. ವಾದ ಇತ್ಯರ್ಥವಾಗಲು ಎಷ್ಟು ವರ್ಷವಾದರೂ ಹಿಡಿಯಬಹುದು. ಮಗು ಮಾತ್ರ ನಾಳೆ ಬೆಳಿಗ್ಗೆಯೇ ನೋಟ್‌ಬುಕ್ ತೋರಿಸಬೇಕು.

ಐರ್ಲೆಂಡಿನ ಪಾಲಕರದೂ ಇದೇ ಪಾಡು

ಶಾಲೆಯ ಭಾಷೆ ಬಾರದ ಪಾಲಕರು ಇಲ್ಲಿ ಮಾತ್ರ ಇದ್ದಾರೆಂದಲ್ಲ. ಐರ್ಲೆಂಡಿನಲ್ಲಿ ಐರಿಷ್ ಮಾಧ್ಯಮದ ಪ್ರಾಥಮಿಕ ಶಾಲೆಗಳಿವೆ. ಅಲ್ಲಿಗೆ ಬರುವ ಮಕ್ಕಳಲ್ಲಿ ಹೆಚ್ಚಿನವರ ಮನೆಮಾತು ಇಂಗ್ಲಿಷ್. 2022ರ ಜನಗಣತಿಯಲ್ಲಿ ಸುಮಾರು 18.7 ಲಕ್ಷ ಜನ ತಮಗೆ ಐರಿಷ್ ಬರುತ್ತದೆ ಎಂದು ಬರೆಸಿದರೂ, ಶಾಲೆಯ ಹೊರಗೆ ಅದನ್ನು ದಿನನಿತ್ಯ ಆಡುವವರು ಸುಮಾರು 72 ಸಾವಿರ ಮಾತ್ರ. ಎಂದೋ ಶಾಲೆಯಲ್ಲಿ ಕಲಿತು ಮರೆತ ಭಾಷೆಯಲ್ಲಿ ಮಗುವಿನ ಹೋಂವರ್ಕ್ ಬಂದಾಗ ಅಲ್ಲಿನ ತಂದೆ ತಾಯಿಯೂ ಕಕ್ಕಾಬಿಕ್ಕಿಯಾಗುತ್ತಾರೆ.

ಆದರೆ ಅಲ್ಲಿನ ಶಾಲೆಗಳು ಪಾಲಕರಿಗೆ ಆ ಭಾಷೆ ಬಾರದು ಎಂಬುದನ್ನು ಮೊದಲೇ ಗಣನೆಗೆ ತೆಗೆದುಕೊಂಡಿರುತ್ತವೆ. ಮನೆಯಲ್ಲಿ ನಿಮ್ಮ ಭಾಷೆಯಲ್ಲೇ ಕಥೆ ಓದಿ ಹೇಳಿ, ಮಗು ಗಟ್ಟಿಯಾಗಿ ಓದುವಾಗ ಪಕ್ಕದಲ್ಲಿ ಕುಳಿತು ಕೇಳಿಸಿಕೊಳ್ಳಿ, ನಾಲ್ಕಾರು ವಂದನೆಯ ಮಾತುಗಳನ್ನು ಮಗುವಿನಿಂದಲೇ ಕಲಿಯಿರಿ ಎನ್ನುವುದು ಅಲ್ಲಿ ಪಾಲಕರಿಗೆ ಹೇಳುವ ಬುದ್ಧಿಮಾತು. ಒಂದೇ ಪದವನ್ನು ಮೂರು ಪ್ರಾಂತ್ಯಗಳ ಉಚ್ಚಾರಣೆಯಲ್ಲಿ ಕೇಳಿಸುವ ನಿಘಂಟು ಅಂತರ್ಜಾಲದಲ್ಲಿದೆ. ಪಾಲಕರಿಗೆಂದೇ ಭಾಷಾ ತರಗತಿ ನಡೆಸುವ ಶಾಲೆಗಳೂ ಉಂಟು.

ಈ ಹೋಲಿಕೆಯನ್ನು ಒಂದು ಹಂತಕ್ಕಿಂತ ಮುಂದೆ ಎಳೆಯುವಂತಿಲ್ಲ. ಐರ್ಲೆಂಡಿನ ಮಗುವಿನ ಮನೆಮಾತೇ ಬಲಿಷ್ಠ ಭಾಷೆ. ನಾಮಫಲಕ, ಪತ್ರಿಕೆ, ದೂರದರ್ಶನ, ನೌಕರಿ ಎಲ್ಲವೂ ಅದರಲ್ಲಿವೆ. ಶಾಲೆಯಲ್ಲಿ ಐರಿಷ್ ತಡವಾಗಿ ಬಂದರೂ ಮಗುವಿನ ಕೈಯಲ್ಲಿ ಇಂಗ್ಲಿಷ್ ಇದ್ದೇ ಇರುತ್ತದೆ. ಕುರೆಕುಪ್ಪದಲ್ಲಿ ತಕ್ಕಡಿ ತಿರುಗಿದೆ. ಇಲ್ಲಿ ಬಲಿಷ್ಠವಾದದ್ದು ಶಾಲೆಯ ಭಾಷೆ, ಸೊರಗಿದ್ದು ಮನೆಮಾತು. ‘ಮನೆಯಲ್ಲೂ ಇಂಗ್ಲಿಷ್ ಮಾತಾಡಿ’ ಎಂಬ ಸಲಹೆಯನ್ನು ನಂಬಿ, ತಮಗೇ ಬಾರದ ಭಾಷೆಯ ತುಂಡು ಮಾತುಗಳನ್ನು ಪಾಲಕರು ಆಡತೊಡಗಿದರೆ, ಮಗುವಿಗೆ ತುಂಬು ವಾಕ್ಯದಲ್ಲಿ ಯೋಚಿಸಲು ಇದ್ದ ಒಂದೇ ಭಾಷೆಯೂ ಕೈತಪ್ಪುತ್ತದೆ. ಈ ಸಲಹೆಯಷ್ಟು ಹಾನಿಕರವಾದದ್ದು ಬೇರೊಂದಿಲ್ಲ.

ಒಂದು ಭಾಷೆಯಲ್ಲಿ ಗಟ್ಟಿಯಾಗಿ ಅರ್ಥವಾದ ಸಂಗತಿ ಇನ್ನೊಂದು ಭಾಷೆಗೆ ದಾಟಿಕೊಳ್ಳುತ್ತದೆ ಎಂಬುದನ್ನು ಕೆನಡಾದ ವಿದ್ವಾಂಸ ಜಿಮ್ ಕಮಿನ್ಸ್ 1970ರ ದಶಕದ ಕೊನೆಯಲ್ಲೇ ಮಂಡಿಸಿದ್ದರು. ನೀರು ಕಾದರೆ ಆವಿಯಾಗುತ್ತದೆ ಎಂಬುದನ್ನು ತೆಲುಗಿನಲ್ಲಿ ತಿಳಿದ ಮಗು ಅದನ್ನು ಇಂಗ್ಲಿಷಿನಲ್ಲಿ ಮತ್ತೊಮ್ಮೆ ತಿಳಿಯಬೇಕಿಲ್ಲ. ಪದ ಕಲಿತರೆ ಸಾಕು. ಯಾವ ಭಾಷೆಯಲ್ಲೂ ತಿಳಿಯದ ಮಗುವಿಗೆ ಪದ ಕಲಿಸಿ ಪ್ರಯೋಜನವಿಲ್ಲ.

ಲೆಕ್ಕದಲ್ಲಿ ಎಡವುವುದು ಎಲ್ಲಿ?

ಗಣಿತದ ಹೋಂವರ್ಕನ್ನೇ ನೋಡೋಣ. ಅಂಕಿಗಳಿಗೆ ಭಾಷೆಯಿಲ್ಲ ಎಂಬ ಮಾತಿದೆ. ಮೂರನೇ ತರಗತಿಯ ಪುಸ್ತಕ ತೆರೆದರೆ ಆ ಮಾತು ಸುಳ್ಳೆಂದು ತಿಳಿಯುತ್ತದೆ. ‘ಸೀತಾ ಹ್ಯಾಸ್ ಟ್ವೆಲ್ವ್ ಮ್ಯಾಂಗೋಸ್. ಶಿ ಗಿವ್ಸ್ ಫೈವ್ ಟು ಹರ್ ಬ್ರದರ್. ಹೌ ಮೆನಿ ಆರ್ ಲೆಫ್ಟ್?’ ಎಂಬಂಥ ಲೆಕ್ಕದಲ್ಲಿ ಮಗು ಸಿಕ್ಕಿಬೀಳುವುದು ಕಳೆಯುವಲ್ಲಿ ಅಲ್ಲ. ‘ಲೆಫ್ಟ್’ ಎಂಬ ಪದದಲ್ಲಿ. ಮಗುವಿಗೆ ಗೊತ್ತಿರುವ ಲೆಫ್ಟ್ ಎಂದರೆ ಎಡಗೈ. ಉಳಿದದ್ದಕ್ಕೂ ಅದೇ ಪದ ಎಂದು ಯಾರೂ ಹೇಳಿರುವುದಿಲ್ಲ.

ಇಂಗ್ಲಿಷ್ ಓದಲಾರದ ತಾಯಿಯೂ ಇಲ್ಲಿ ನೆರವಾಗಬಲ್ಲಳು. ಮಗು ಲೆಕ್ಕವನ್ನು ಗಟ್ಟಿಯಾಗಿ ಓದಲಿ. ‘ಸೀತಾ ಏನು ಮಾಡಿದಳು, ನಮ್ಮ ಮಾತಿನಲ್ಲಿ ಹೇಳು’ ಎಂದು ಕೇಳಿದರಾಯಿತು. ಮಗು ಕಥೆಯಂತೆ ಹೇಳಿದರೆ ಅರ್ಧ ಲೆಕ್ಕ ಮುಗಿದಂತೆ. ಹೇಳಲಾಗದಿದ್ದರೆ ತೊಡಕು ಯಾವ ಪದದಲ್ಲಿದೆ ಎಂಬುದು ಅಲ್ಲೇ ಗೊತ್ತಾಗುತ್ತದೆ. ಹನ್ನೆರಡು ಹುಣಸೆ ಬೀಜ ಎಣಿಸಿಟ್ಟು ಐದನ್ನು ತಮ್ಮನಿಗೆ ಕೊಡಿಸಿದರೆ ಉಳಿದದ್ದು ಕಣ್ಣೆದುರಿಗೇ ಇರುತ್ತದೆ.

ಇನ್ನೊಂದು ಬಗೆಯ ಲೆಕ್ಕ ಇದಕ್ಕಿಂತ ಮೋಸಗೊಳಿಸುವಂಥದು. ರಾಜುವಿನ ಬಳಿ ಎಂಟು ಪೆನ್ಸಿಲ್ ಇವೆ, ಅವು ರವಿಯ ಬಳಿ ಇರುವುದಕ್ಕಿಂತ ಮೂರು ‘ಮೋರ್’. ರವಿಯ ಬಳಿ ಎಷ್ಟು? ಮೋರ್ ಎಂದರೆ ಕೂಡುವುದು ಎಂದು ಬಾಯಿಪಾಠ ಮಾಡಿಸಿದ ಮಗು ಥಟ್ಟನೆ ಹನ್ನೊಂದು ಎಂದು ಬರೆಯುತ್ತದೆ. ‘ಇಬ್ಬರಲ್ಲಿ ಯಾರ ಹತ್ತಿರ ಕಡಿಮೆ ಇವೆ?’ ಎಂದು ಮನೆಯಲ್ಲಿ ಕೇಳುವ ಒಂದು ಪ್ರಶ್ನೆ ಆ ಉತ್ತರವನ್ನು ಐದಕ್ಕೆ ತರುತ್ತದೆ. ಇದಕ್ಕೆ ಬೇಕಾದದ್ದು ಇಂಗ್ಲಿಷ್ ಅಲ್ಲ, ಪಕ್ಕದಲ್ಲಿ ಕೂರುವ ಹತ್ತು ನಿಮಿಷ.

ಸಂಖ್ಯೆಗಳ ಹೆಸರಿನಲ್ಲೂ ಭಾಷೆಯ ಆಟವಿದೆ. ಕನ್ನಡದ ಹದಿಮೂರರಲ್ಲಿ ಹತ್ತು ಮೊದಲು, ಮೂರು ನಂತರ. ಅಂಕಿ ಬರೆಯುವ ಕ್ರಮವೂ ಅದೇ. ಇಂಗ್ಲಿಷಿನ ‘ಥರ್ಟೀನ್’ನಲ್ಲಿ ಮೂರರ ಸದ್ದು ಮೊದಲು ಕೇಳುತ್ತದೆ. ಕೇಳಿದಂತೆ ಬರೆದ ಮಗು 31 ಎಂದು ಗೀಚಿದರೆ ಅದು ಅಜಾಗರೂಕತೆಯಲ್ಲ. ‘ಥರ್ಟೀನ್’ ಮತ್ತು ‘ಥರ್ಟಿ’ ಕಿವಿಗೆ ಒಂದೇ ರೀತಿ ಕೇಳುವುದು ಮತ್ತೊಂದು ಕಷ್ಟ. ಹಿಂದಿ ಮನೆಯ ಮಗುವಿಗೆ ನೂರರವರೆಗೆ ಹೆಚ್ಚುಕಡಿಮೆ ಪ್ರತಿ ಸಂಖ್ಯೆಗೂ ಬೇರೆ ಹೆಸರನ್ನೇ ಕಲಿಯುವ ಹೊರೆ. ಕನ್ನಡ, ತೆಲುಗು ಮನೆಗಳಿಗೆ ಈ ವಿಷಯದಲ್ಲಿ ಅನುಕೂಲವಿದೆ, ಅದನ್ನು ಬಿಟ್ಟುಕೊಡಬೇಕಿಲ್ಲ. ಮೊದಲು ಮನೆಮಾತಿನಲ್ಲಿ ಎಣಿಸಿ, ಆಮೇಲೆ ಇಂಗ್ಲಿಷ್ ಹೆಸರು ಹಚ್ಚಲಿ.

ಮಗ್ಗಿಯ ಮಾತೂ ಇದೇ. ‘ಏಳೆಂಟ್ಲ ಐವತ್ತಾರು’ ಎಂದು ನಿದ್ದೆಗಣ್ಣಿನಲ್ಲೂ ಹೇಳಬಲ್ಲ ಅಜ್ಜ ಮನೆಯಲ್ಲಿದ್ದರೆ, ಅಜ್ಜನ ಮಗ್ಗಿ ಶಾಲೆಯಲ್ಲಿ ನಡೆಯದು ಎಂದು ಅವನನ್ನು ಸುಮ್ಮನಾಗಿಸುವುದು ಅವಿವೇಕ. ಒಂದು ಭಾಷೆಯಲ್ಲಿ ಮಗ್ಗಿ ಗಟ್ಟಿಯಾದರೆ ಉತ್ತರವನ್ನಷ್ಟೇ ಇನ್ನೊಂದು ಭಾಷೆಯಲ್ಲಿ ಹೇಳಿದರಾಯಿತು. ಹಾಗೆ ನೋಡಿದರೆ ಲೆಕ್ಕ ಬಾರದ ಮನೆಗಳು ಈ ಭಾಗದಲ್ಲಿ ಕಡಿಮೆ. 2010ರಲ್ಲಿ ಭೌಗೋಳಿಕ ಗುರುತು ಪಡೆದ ಸಂಡೂರಿನ ಲಂಬಾಣಿ ಕಸೂತಿಯನ್ನು ಹಾಕುವ ಹೆಣ್ಣುಮಕ್ಕಳು ಕನ್ನಡಿ ಚೂರುಗಳನ್ನೂ ಹೊಲಿಗೆಗಳನ್ನೂ ಅಳತೆ ತಪ್ಪದೆ ಕೂಡಿಸುತ್ತಾರೆ. ಸಮಾನ ಭಾಗ, ವಿನ್ಯಾಸ, ಸಮ್ಮಿತಿ ಎಂದು ಪಠ್ಯಪುಸ್ತಕ ಕರೆಯುವುದೆಲ್ಲ ಆ ಬಟ್ಟೆಯ ಮೇಲಿದೆ.

ಓದಿನ ಗಂಟು

ಕನ್ನಡ ಅಕ್ಷರ ಬಲ್ಲವರಿಗೆ ಇಂಗ್ಲಿಷ್ ಓದು ಏಕೆ ಮಗುವನ್ನು ಕಾಡುತ್ತದೆ ಎಂಬುದೇ ಹೊಳೆಯುವುದಿಲ್ಲ. ಕನ್ನಡದಲ್ಲಿ ಬರೆದಂತೆ ಓದಿದರೆ ಬಹುಪಾಲು ಸರಿ. ಇಂಗ್ಲಿಷಿನಲ್ಲಿ ‘ಪುಟ್’ ಮತ್ತು ‘ಬಟ್’ ಪದಗಳ ಸ್ವರಾಕ್ಷರ ಒಂದೇ, ಸದ್ದು ಬೇರೆ. ಆದ್ದರಿಂದ ‘ಅಕ್ಷರ ಕಲಿತು ಎರಡು ವರ್ಷವಾಯಿತು, ಇನ್ನೂ ಓದಲು ಬಾರದೇ’ ಎಂದು ಗದರುವುದು ತರವಲ್ಲ. ಆ ಬರವಣಿಗೆಗೆ ಕಾಲ ಹಿಡಿಯುತ್ತದೆ.

ಇಂಗ್ಲಿಷ್ ಪದದ ಮೇಲೆ ಕನ್ನಡದಲ್ಲಿ ಉಚ್ಚಾರಣೆ ಬರೆದುಕೊಡುವ ರೂಢಿ ಹಲವು ಮನೆಗಳಲ್ಲಿದೆ. ಪಾಲಕರು ತಮ್ಮ ನೆನಪಿಗೆ ಬೇರೆ ಚೀಟಿಯಲ್ಲಿ ಬರೆದಿಟ್ಟುಕೊಳ್ಳುವುದಾದರೆ ತೊಂದರೆಯಿಲ್ಲ. ಮಗುವಿನ ಪುಸ್ತಕದಲ್ಲೇ ಬರೆದರೆ ಮಗುವಿನ ಕಣ್ಣು ಕನ್ನಡದ ಮೇಲೆಯೇ ಓಡುತ್ತದೆ, ಕೆಳಗಿನ ಸಾಲು ಅಲ್ಲಿಯೇ ಉಳಿಯುತ್ತದೆ. ಮೊಬೈಲ್‌ನಲ್ಲಿ ಪುಟದ ಚಿತ್ರ ತೆಗೆದು ಅನುವಾದ ಮಾಡಿಸುವುದು ಈಗ ಸುಲಭ. ಗೂಗಲ್‌ನ ಅನುವಾದ ಸೌಲಭ್ಯ ಕನ್ನಡ, ತೆಲುಗುಗಳಿಗೆ 2011ರಲ್ಲೇ ಬಂದಿದೆ. ಡೈರಿಯ ಸೂಚನೆ ತಿಳಿಯಲು ಅದು ಸಾಕು. ಉತ್ತರ ಬರೆಸಲು ಅದನ್ನು ಬಳಸಿದರೆ ಪಕ್ಕದ ಮನೆಯ ಹುಡುಗನ ಕೆಲಸವನ್ನು ಯಂತ್ರಕ್ಕೆ ವಹಿಸಿದಂತಾಯಿತು, ಅಷ್ಟೆ.

ಕನ್ನಡ ಮಾಧ್ಯಮದ ಶಾಲೆಗೆ ಹೋಗುವ ತೆಲುಗು ಮಕ್ಕಳ ಮನೆಯಲ್ಲಿ ಕಷ್ಟದ ರೂಪ ಬೇರೆ. ಎರಡೂ ಲಿಪಿಗಳು ಒಂದೇ ಮೂಲದವು. ತೆಲುಗು ಓದಬಲ್ಲ ತಾಯಿ ಕೆಲವೇ ದಿನಗಳಲ್ಲಿ ಕನ್ನಡದ ಪುಟವನ್ನು ಕೂಡಿಸಿ ಓದಬಲ್ಲಳು. ಪದಗಳಲ್ಲೂ ನಂಟಿದೆ: ತೆಲುಗಿನ ಪುಲಿ ಕನ್ನಡದ ಹುಲಿ, ಪಂದಿ ಹಂದಿ, ಪಗಲು ಹಗಲು. ಈ ‘ಪ’ಕಾರ–‘ಹ’ಕಾರದ ಗುಟ್ಟನ್ನು ಆಟದಂತೆ ಹೇಳಿಕೊಟ್ಟರೆ ಮಗು ತಾನೇ ಪದ ಹುಡುಕತೊಡಗುತ್ತದೆ. ಎಡವುವ ಜಾಗವೂ ಅದೇ. ಮನೆಯಲ್ಲಿ ದಿನವೂ ‘ಪಾಲು’ ಕುಡಿಯುವ ಮಗುವಿಗೆ ಕನ್ನಡದ ಲೆಕ್ಕದಲ್ಲಿ ‘ಮೂವರಿಗೆ ಪಾಲು ಮಾಡು’ ಎಂದರೆ ಹಾಲೇ ನೆನಪಾಗಬಹುದು.

ಲಂಬಾಣಿ ಮನೆಯ ಮಗುವಿಗೆ ಈ ನಂಟಿನ ಆಸರೆಯಿಲ್ಲ. ಆ ನುಡಿ ರಾಜಸ್ಥಾನದ ಕಡೆಯದು, ನೀರಿಗೆ ‘ಪಾಣಿ’ ಎನ್ನುವಂಥದು. ಅದಕ್ಕೆ ಶಾಲೆಯಲ್ಲಿ ಪುಸ್ತಕವೂ ಇಲ್ಲ. ಹೀಗಿರುವಾಗ ಮೊದಲ ವರ್ಷ ಮೌನವಾಗಿ ಕೂರುವ ಮಗುವನ್ನು ದಡ್ಡ ಎಂದು ತೀರ್ಮಾನಿಸುವ ಅವಸರ ಶಾಲೆಗೂ ಬೇಡ, ಮನೆಗೂ ಬೇಡ.

ಅದೇ ಪುಸ್ತಕ, ಬೇರೆ ಭಾಷೆಯಲ್ಲಿ

ಹೆಚ್ಚಿನ ಪಾಲಕರಿಗೆ ತಿಳಿಯದ ಅನುಕೂಲವೊಂದಿದೆ. ರಾಜ್ಯ ಪಠ್ಯಕ್ರಮದ ಗಣಿತ ಹಾಗೂ ಪರಿಸರ ಅಧ್ಯಯನದ ಪುಸ್ತಕಗಳನ್ನು ಕರ್ನಾಟಕ ಪಠ್ಯಪುಸ್ತಕ ಸಂಘ ಕನ್ನಡ, ಇಂಗ್ಲಿಷ್ ಮಾತ್ರವಲ್ಲದೆ ತೆಲುಗು, ಉರ್ದು, ಹಿಂದಿ, ಮರಾಠಿ, ತಮಿಳು ಮಾಧ್ಯಮಗಳಲ್ಲೂ ಹೊರತರುತ್ತದೆ. ಸಂಘದ ಜಾಲತಾಣದಲ್ಲಿ ಅವು ಉಚಿತವಾಗಿ ಸಿಗುತ್ತವೆ. ಮಗುವಿನ ಇಂಗ್ಲಿಷ್ ಮಾಧ್ಯಮದ ಪುಸ್ತಕ ಸಂಘದ್ದೇ ಆಗಿದ್ದರೆ, ಅದೇ ಪಾಠ, ಅದೇ ಚಿತ್ರ ಕನ್ನಡ ಅಥವಾ ತೆಲುಗಿನ ಪುಸ್ತಕದಲ್ಲಿರುತ್ತದೆ. ಎರಡನ್ನೂ ಪಕ್ಕದಲ್ಲಿಟ್ಟುಕೊಂಡು ಕುಳಿತರೆ ಟ್ಯೂಷನ್‌ನ ಅರ್ಧ ಕೆಲಸ ಮನೆಯಲ್ಲೇ ಆಗುತ್ತದೆ. ಮೊಬೈಲ್ ಇಲ್ಲದವರು ಸಮೀಪದ ಸರ್ಕಾರಿ ಶಾಲೆಯ ಮಕ್ಕಳಿಂದ ಪುಸ್ತಕ ಎರವಲು ಪಡೆಯಬಹುದು. ಪುಸ್ತಕದ ಮೇಲಿನ ಕ್ಯೂಆರ್ ಕೋಡ್ ಮೂಲಕ ‘ದೀಕ್ಷಾ’ ತಾಣದ ಪಾಠಗಳನ್ನು ನೋಡುವ ಅವಕಾಶವೂ ಇದೆ. ಸಿಬಿಎಸ್‌ಇ ಶಾಲೆಯಲ್ಲಿ ಎನ್‌ಸಿಇಆರ್‌ಟಿ ಪುಸ್ತಕಗಳಿದ್ದರೆ ಹಿಂದಿ, ಉರ್ದು ಮನೆಗಳಿಗೆ ಇಂಥದೇ ದಾರಿಯಿದೆ; ಕನ್ನಡ, ತೆಲುಗು ಮನೆಗಳಿಗೆ ಅಷ್ಟು ಸಲೀಸಲ್ಲ. ಖಾಸಗಿ ಪ್ರಕಾಶಕರ ದುಬಾರಿ ಪುಸ್ತಕ ಹಚ್ಚಿರುವ ಶಾಲೆಗಳಲ್ಲಿ ಈ ಉಪಾಯ ನಡೆಯುವುದಿಲ್ಲ. ಶಾಲೆ ಆರಿಸುವ ಮುನ್ನ ಪಾಲಕರು ಕೇಳಬೇಕಾದ ಪ್ರಶ್ನೆಗಳಲ್ಲಿ ಇದೂ ಒಂದು.

ಹೋಂವರ್ಕ್ ಎಷ್ಟಿರಬೇಕು?

ಪ್ರಾಥಮಿಕ ತರಗತಿಗಳ ಮಕ್ಕಳಿಗೆ ಮನೆಯ ಸುತ್ತಲಿನ ಪರಿಸರವನ್ನು ಅರಿಯುವ ಕೆಲಸ ಹೊರತು ಹೋಂವರ್ಕ್ ಬೇಡ ಎಂದು ಯಶಪಾಲ್ ಸಮಿತಿ 1993ರಲ್ಲೇ ಹೇಳಿತ್ತು. ಒಂದು ಮತ್ತು ಎರಡನೇ ತರಗತಿಗೆ ಹೋಂವರ್ಕ್ ಕೊಡಬಾರದೆಂದು ಕೇಂದ್ರ ಮಾನವ ಸಂಪನ್ಮೂಲ ಸಚಿವಾಲಯ 2018ರ ನವೆಂಬರ್‌ನಲ್ಲಿ ರಾಜ್ಯಗಳಿಗೆ ಸೂಚಿಸಿತು. 2020ರ ಶಾಲಾ ಬ್ಯಾಗ್ ನೀತಿಯ ಪ್ರಕಾರ ಎರಡನೇ ತರಗತಿವರೆಗೆ ಹೋಂವರ್ಕ್ ಇಲ್ಲ. ಮೂರರಿಂದ ಐದರವರೆಗೆ ವಾರಕ್ಕೆ ಹೆಚ್ಚೆಂದರೆ ಎರಡು ಗಂಟೆ. ವಾರಕ್ಕೆ ಎಂಬುದನ್ನು ಗಮನಿಸಬೇಕು; ಹಲವು ಡೈರಿಗಳಲ್ಲಿ ಅದು ದಿನಕ್ಕೆ ಎಂಬಂತಿರುತ್ತದೆ. ಸಂಜೆ ಹೇಗೆ ಕಳೆದೆ, ಯಾವ ಕಥೆ ಕೇಳಿದೆ, ರಾತ್ರಿ ಏನು ಉಂಡೆ ಎಂದು ಮರುದಿನ ತರಗತಿಯಲ್ಲಿ ಹೇಳಿಸುವುದು ಆ ನೀತಿ ಸೂಚಿಸುವ ಬಗೆ. ಅಂಥ ಹೋಂವರ್ಕಿಗೆ ನೆರವಾಗಲು ಯಾವ ತಾಯಿಯೂ ಶಾಲೆಯ ಭಾಷೆ ಕಲಿಯಬೇಕಿಲ್ಲ.

ಪಾಲಕರ ಸಭೆಯಲ್ಲಿ ಈ ಮಿತಿಯನ್ನು ಪ್ರಸ್ತಾಪಿಸಲು ಹಲವರು ಹಿಂಜರಿಯುತ್ತಾರೆ. ಇಂಗ್ಲಿಷ್ ಬಾರದು ಎಂಬ ಸಂಕೋಚ ಅಲ್ಲಿಯೂ ಅವರನ್ನು ಹಿಂದಿನ ಬೆಂಚಿಗೆ ತಳ್ಳುತ್ತದೆ. ಶಿಕ್ಷಕರಿಗೋ ತುಂಬಿದ ತರಗತಿ. ಯಾರು ಅರ್ಥ ಮಾಡಿಕೊಂಡು ಬರೆದರು, ಯಾರು ನೋಡಿ ಬರೆದರು ಎಂದು ನೋಟ್‌ಬುಕ್ ನೋಡಿ ತಿಳಿಯುವಂತಿಲ್ಲ. ಮನೆಯವರು ತುಂಬಿಸಿ ಕಳುಹಿಸಿದ ಚೊಕ್ಕ ಪುಟ ಶಿಕ್ಷಕರಿಗೆ ತಪ್ಪು ವರದಿ ಕೊಡುತ್ತದೆ. ಮಗು ತಾನೇ ಮಾಡಿ ಅರ್ಧಕ್ಕೆ ನಿಂತ ಲೆಕ್ಕವನ್ನು ಹಾಗೆಯೇ ಬಿಟ್ಟು, ‘ಅರ್ಧ ಗಂಟೆ ಕುಳಿತೆವು, ಈ ಲೆಕ್ಕ ಮಗುವಿಗೆ ಅರ್ಥವಾಗಿಲ್ಲ, ದಯವಿಟ್ಟು ಮತ್ತೊಮ್ಮೆ ಹೇಳಿಕೊಡಿ’ ಎಂದು ಡೈರಿಯಲ್ಲಿ ಬರೆದು ಕಳುಹಿಸುವುದು ಮೇಲು. ಬರೆಯಲು ಬಾರದವರು ಲೆಕ್ಕದ ಪಕ್ಕ ಒಂದು ಗುರುತು ಹಾಕಿ, ಅದರ ಅರ್ಥವನ್ನು ಶಿಕ್ಷಕರಿಗೆ ಒಮ್ಮೆ ಬಾಯಲ್ಲಿ ತಿಳಿಸಿದರೂ ಸಾಕು.

ಆ ಸಾಲು ಕನ್ನಡದಲ್ಲಿದ್ದರೂ ನಡೆಯುತ್ತದೆ. 2015ರ ಕನ್ನಡ ಭಾಷಾ ಕಲಿಕೆ ಅಧಿನಿಯಮದಂತೆ ಯಾವ ಪಠ್ಯಕ್ರಮದ ಶಾಲೆಯಾದರೂ ಕನ್ನಡವನ್ನು ಒಂದು ಭಾಷೆಯಾಗಿ ಕಲಿಸಲೇಬೇಕು. ಆದ್ದರಿಂದ ಕನ್ನಡದ ಚೀಟಿಯನ್ನು ಓದಬಲ್ಲ ಶಿಕ್ಷಕರು ಒಬ್ಬರಾದರೂ ಶಾಲೆಯಲ್ಲಿ ಇದ್ದೇ ಇರಬೇಕು.